ಅಳತೆ ಕಾಲು

ಆ ಕಾರ್ಖಾನೆಯಲ್ಲಿ ಕೆಲಸದವರಿಗೆಂದು ಇದ್ದದ್ದು ಒಂದೇ ಕುರ್ಚಿ. ಕಿಟಕಿಯ ಪಕ್ಕ, ಮರದ ಹಲಗೆಯ ಮೇಲೆ ಹಾಕಿದ ಕೈಯುಳ್ಳ ಕುರ್ಚಿ. ಅದರ ಮುಂದೆ ಮೆತ್ತೆ ಹೊದಿಸಿದ ಕಾಲ್ಮಣೆ. ಉಳಿದವರೆಲ್ಲ ನಿಂತೇ ದುಡಿಯುತ್ತಿದ್ದರು. ಹಿಂದೆ ಎಲ್ಲ ಬೆಂಚಿಗೂ ಎತ್ತರದ ಸ್ಟೂಲುಗಳಿದ್ದವು. ಕೂತರೆ ಕೈ ನಿದ್ದೆ ಹೋಗುತ್ತದೆ ಎಂದು ಸೂಪರ್‌ವೈಸರ್ ಅವನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ ಬೀಗ ಜಡಿದ. ಈ ಮಾತು ಹೇಳುವಾಗ ಅವನು ಕೂತಿದ್ದ.

ಆ ಒಂದು ಕುರ್ಚಿ ಅವಳದಾಗಿತ್ತು.

ಹೆಂಗಸರ ಚಪ್ಪಲಿ ಮಾಡುವ ಕಾರ್ಖಾನೆ ಅದು. ಹೊಸ ನಮೂನೆಯ ಮೊದಲ ಜೋಡಿಯನ್ನು ಜೀವ ಇರುವ ಕಾಲಿಗೆ ಹಾಕಿ ನೋಡಬೇಕು. ಮರದ ಅಚ್ಚಿಗೆ ನೋವಾಗುವುದಿಲ್ಲ. ಎಲ್ಲಿ ಕಚ್ಚುತ್ತದೆ, ಎಲ್ಲಿ ಜಾರುತ್ತದೆ ಎಂದು ಅದು ಹೇಳುವುದಿಲ್ಲ. ಹೇಳುವುದು ಅವಳ ಕೆಲಸ. ಅವಳ ಪಾದ ನಡು ಸೈಜಿಗೆ ಎಳೆಯಷ್ಟೂ ಹೆಚ್ಚಿರಲಿಲ್ಲ, ಎಳೆಯಷ್ಟೂ ಕಮ್ಮಿಯಿರಲಿಲ್ಲ. ಕಟಿಂಗ್ ಮೇಸ್ತ್ರಿ ಪಟ್ಟಿ ಕತ್ತರಿಸಿ, ಹೊಲಿಸಿ, ತಂದು ತೊಡಿಸುತ್ತಿದ್ದ. ಅವಳು ಒಂದಿಷ್ಟು ನಡೆದು "ಹ್ಞೂಂ" ಅಂದರೆ ಊರೂರಿನ ಅಂಗಡಿಗಳಿಗೆ ಸಾಲುವಷ್ಟು ಜೋಡಿ ಹೊಲಿಯುತ್ತಿದ್ದರು. ಎಲ್ಲರ ಬಾಯಲ್ಲೂ ಅವಳು 'ಅಳತೆ'. ಅಳತೇನ ಕರೀರಿ. ಅಳತೆ ಊಟಕ್ಕೆ ಹೋಗಿದಾಳೆ. ನಿಂತವರಿಗೆ ಅವಳನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದು ಹಿತವಾಗಿಯೂ ಇತ್ತು.

ಗಂಡ ಸತ್ತ. ಲಾರಿಗೆ ಸರಕು ಏರಿಸುವವನು. ಬೆಳಿಗ್ಗೆ ಹೋದವನನ್ನು ಮಧ್ಯಾಹ್ನ ಯಾರೋ ಹೊತ್ತು ತಂದರು. ತಾನು ಬಸುರಿ ಎಂದು ಅವಳಿಗೆ ತಿಳಿದದ್ದು ಆಮೇಲೆ. ಅವನಿಗೆ ತಿಳಿಯಲೇ ಇಲ್ಲ.

ಕಾರ್ಖಾನೆಯಲ್ಲಿ ಅವಳು ಬಾಯಿ ಬಿಡಲಿಲ್ಲ. ಬಸುರಿಯ ಕಾಲನ್ನು ಯಾರೂ ಅಳತೆಗೆ ಇಟ್ಟುಕೊಳ್ಳುವುದಿಲ್ಲ. ಕೆಲಸದ ನೀಲಿ ನಿಲುವಂಗಿ ಸಡಿಲವಾಗಿತ್ತು. ಅದು ಮುಚ್ಚಿಟ್ಟಿತು.

ಊತ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ. ಇವತ್ತು ಒಂದು ಎಳೆ, ನಾಳೆ ಒಂದು ಎಳೆ ಎಂದು ಕಳ್ಳಹೆಜ್ಜೆಯಲ್ಲಿ ಬಂತು. ಮೇಸ್ತ್ರಿ ತೊಡಿಸಿದ ಜೋಡಿ ಬಿಗಿಯಾಯಿತು. "ಇಲ್ಲಿ ಹಿಡಿಯುತ್ತೆ" ಅಂದಳು. ಅವನು ಪಟ್ಟಿ ಸಡಿಲ ಮಾಡಿದ. "ಈಗ ಸರಿ" ಅಂದಳು. ಅವನು ಅದರಂತೆ ಕತ್ತರಿಸಿದ. ಇಬ್ಬರಿಗೂ ಕಾಲಿನ ಮೇಲೆ ಅನುಮಾನ ಬರಲಿಲ್ಲ. ಕಾಲೇ ಅಳತೆ. ಅಳತೆಯನ್ನು ಅಳೆಯುವವರು ಯಾರು?

ಒಂದು ಇಡೀ ನಮೂನೆ ದೊಗಲೆಯಾಗಿ ಹೋಯಿತು. ಅಂಗಡಿಗಳಿಂದ ಪೆಟ್ಟಿಗೆಗಳು ವಾಪಸು ಬಂದವು. ಹಾಕಿಕೊಂಡರೆ ಬಕೆಟ್ಟಿಗೆ ಕಾಲಿಟ್ಟ ಹಾಗಿದೆ ಎಂದು ಹೇಳಿ ಕಳಿಸಿದ್ದರು.

ಸೂಪರ್‌ವೈಸರ್ ಎಲ್ಲರ ಎದುರಿಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದ. ಅವಳ ಪಾದದ ಮೇಲೆ ಹೆಬ್ಬೆರಳು ಇಟ್ಟು ಒತ್ತಿದ, ಅಂಗಡಿಯಲ್ಲಿ ಹಣ್ಣು ಒತ್ತಿ ನೋಡುವ ಹಾಗೆ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು.

"ಎಷ್ಟು ತಿಂಗಳು?"

ಅವಳು ಹೇಳಿದಳು.

"ಗಂಡ ಸತ್ತು ಎಷ್ಟಾಯ್ತು?"

ಅದನ್ನೂ ಹೇಳಿದಳು.

ಅವನು ಜನರ ಕಡೆ ತಿರುಗಿ ಬೆರಳು ಮಡಿಸಿ ಲೆಕ್ಕ ಹಾಕಿದ. "ಪರವಾಗಿಲ್ಲ, ತಾಳೆ ಆಗುತ್ತೆ" ಅಂದ. ಕೆಲವರು ನಕ್ಕರು. ಮೇಸ್ತ್ರಿ ಕತ್ತರಿಯ ಅಲಗು ಒರೆಸುತ್ತ ನಿಂತಿದ್ದ.

ಅವತ್ತೇ ಅವಳನ್ನು ಅಟ್ಟೆಯ ಬೆಂಚಿಗೆ ಹಾಕಿದರು. ಅಟ್ಟೆಗೆ ಅಂಟು ಸವರಬೇಕು, ಮೇಲಿನ ತೊಗಲು ಕೂರಿಸಬೇಕು, ಸುತ್ತಿಗೆಯಿಂದ ತಟ್ಟಬೇಕು. ನಿಂತು. ನೆಲ ಸಿಮೆಂಟಿನದು. ಪಕ್ಕದಲ್ಲಿ ಒಬ್ಬ ಮುದುಕಿ ಇದ್ದಳು. ವರ್ಷಗಳಿಂದ ಅಂಟು ಸವರಿ ಅವಳ ಬೆರಳುಗಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅವಳನ್ನು ಅಂಟಜ್ಜಿ ಎನ್ನುತ್ತಿದ್ದರು.

"ಬಾ ತಾಯಿ, ಬಾ. ಸಿಂಹಾಸನ ಬಿಟ್ಟು ಇಳಿದ್ಯಾ?" ಎಂದಳು ಅಂಟಜ್ಜಿ. "ಒಂದು ಕಾಲ ಮೇಲೆ ಭಾರ ಹಾಕು, ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕೆ ಹಾಕು. ಎರಡಕ್ಕೂ ಸಾಕಾಯ್ತು ಅಂದ್ರೆ ಹೇಳು, ನಂದೊಂದು ಕೊಡ್ತೀನಿ."

ಕುರ್ಚಿಗೆ ಹೊಸ ಹುಡುಗಿ ಬಂದಳು. ಇನ್ನೂ ಮದುವೆಯಾಗದವಳು. ಅವಳಿಗೆ ಹೊಸಕಾಲು ಎಂದು ಹೆಸರು ಬಿತ್ತು.

ಅಳತೆಯ ಬೆಂಚಿನಿಂದ ಆ ಕುರ್ಚಿ ನೇರವಾಗಿ ಕಾಣುತ್ತಿತ್ತು. ಬೆಳಕು ಅಲ್ಲಿಗೇ ಬೀಳುತ್ತಿತ್ತು. ಹೊಸಕಾಲಿನ ಕಾಲಹರಡಿನಲ್ಲಿ ಮೂಳೆಯ ಗಂಟು ಎದ್ದು ಕಾಣುತ್ತಿತ್ತು. ಅದರ ಹಿಂದೆ ಒಂದು ಸಣ್ಣ ಹಳ್ಳ. ಪಾದದ ಮೇಲೆ ತೆಳು ನರಗಳು. ಅಳತೆ ತನ್ನ ಕಾಲು ನೋಡಿಕೊಂಡರೆ ಮೂಳೆಯೂ ಇಲ್ಲ, ಹಳ್ಳವೂ ಇಲ್ಲ. ಮೀನಖಂಡದಿಂದ ಬೆರಳಿನವರೆಗೆ ಒಂದೇ ಕಂಬ. ಆ ಮೂಳೆಯ ಗಂಟಿನ ಮೇಲೆ ಅವಳಿಗೆ ಎಂಥ ಮತ್ಸರ ಹುಟ್ಟಿತೆಂದರೆ, ಒಂದು ಮಧ್ಯಾಹ್ನ ಹೊಸಕಾಲಿಗೆ ತೊಡಿಸಬೇಕಾದ ಜೋಡಿ ತನ್ನ ಬೆಂಚಿಗೆ ಬಂದಾಗ ತುಟಿಯ ನಡುವೆ ಹಿಡಿದಿದ್ದ ಮೊಳೆಯೊಂದನ್ನು ತೆಗೆದು ಅಂಗಾಲು ಬೀಳುವ ಜಾಗದಲ್ಲಿ ಮೊನೆ ಮೇಲಾಗಿ ನಿಲ್ಲಿಸಿದಳು. ನೋಡಿದಳು. ಚೆನ್ನಾಗಿ ನಿಂತಿತ್ತು.

ಮತ್ತೆ ತೆಗೆದು ಡಬ್ಬಿಗೆ ಹಾಕಿದಳು. ಒಳ್ಳೆಯತನದಿಂದಲ್ಲ. ಸೂಪರ್‌ವೈಸರ್ ಇತ್ತ ಬರುತ್ತಿದ್ದ.

ಊಟದ ಹೊತ್ತಿಗೆ ಹೊಸಕಾಲು ತಾನಾಗಿಯೇ ಅವಳ ಪಕ್ಕ ಬಂದಳು.

"ಅಕ್ಕಾ, ನಿಮಗೂ ಓಡಾಡಬೇಡ ಅಂತಿದ್ರಾ? ಹಿಮ್ಮಡಿ ಒರಟಾಗುತ್ತಂತೆ. ಕೂತೂ ಕೂತೂ ನನ್ನ ಕಾಲು ಜೋಮು ಹಿಡಿಯುತ್ತೆ."

"ಜೋಮು ಹಿಡಿಯುತ್ತಾ? ಅಯ್ಯೋ ಪಾಪ" ಎಂದಳು ಅಳತೆ.

ಹುಡುಗಿಗೆ ಕೊಂಕು ತಿಳಿಯಲಿಲ್ಲ. ದನಿ ತಗ್ಗಿಸಿದಳು. "ಸೇರಿಸ್ಕೊಳ್ಳುವಾಗ ಏನು ಕೇಳಿದ್ರು ಗೊತ್ತಾ? ಮದುವೆ ಯಾವಾಗ ಅಂತ. ಇಲ್ಲ ಅಂದೆ. ಆಗಲ್ಲ ಅಂತ ಬರೆದು ಕೊಡು ಅಂದ್ರು. ಕೊಟ್ಟೆ."

ಅಳತೆ ಮುಂದಿನ ತುತ್ತು ಎತ್ತಿದಳು. ಹುಡುಗಿಯ ಮೇಲಿನ ಉರಿ ಕಮ್ಮಿಯಾಗಲಿಲ್ಲ. ಆದರೆ ಅದಕ್ಕೆ ಕೂರಲು ಮೊದಲಿನಷ್ಟು ಜಾಗ ಸಿಗಲಿಲ್ಲ.

ಅವಳ ಚಪ್ಪಲಿ ಯಾವುದೂ ಅವಳ ಕಾಲಿಗೆ ಹಿಡಿಯದಾಯಿತು. ಚಪ್ಪಲಿ ಕಾರ್ಖಾನೆಯವಳು ಬರಿಗಾಲಲ್ಲಿ ಹೋಗುವ ಹಾಗಾಯಿತು. ಬಾಗಿಲ ಹಿಂದೆ ಗಂಡನ ಹಳೆಯ ಚಪ್ಪಲಿ ಇತ್ತು. ಅದನ್ನು ಅಲ್ಲಿಂದ ಕದಲಿಸಲು ಅತ್ತೆ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವಳು ಅದಕ್ಕೆ ಕಾಲು ತೂರಿಸಿದಳು. ಸರಿಯಾಗಿ ಕೂತಿತು.

"ಯಾರನ್ನ ಕೇಳಿ ಹಾಕ್ಕೊಂಡೆ?" ಅತ್ತೆ ಎದ್ದು ಬಂದಳು.

"ನಂದು ಹಿಡಿಯಲ್ಲ."

"ಅದು ಅವನದು."

"ಗೊತ್ತು. ಅದಕ್ಕೇ ಹಿಡಿಯುತ್ತೆ."

"ಅದರಲ್ಲಿ ಅವನ ಹೆಬ್ಬೆರಳಿನ ಗುರುತು ಇದೆ ಕಣೆ. ಸವೆದು ಹೋಗುತ್ತೆ."

ಅವಳು ಅದರಲ್ಲೇ ನಡೆದಳು. ಅತ್ತೆಗೂ ಹೊಟ್ಟೆಕಿಚ್ಚಿತ್ತು. ಮಗ ಉಳಿಸಿ ಹೋದದ್ದೆಲ್ಲ ಇವಳ ಪಾಲಿಗೇ ಬಂದಿತ್ತು. ಹೊಟ್ಟೆಯೊಳಗೂ ಇವಳಿಗೆ, ಕಾಲಡಿಗೂ ಇವಳಿಗೆ. ಆದರೂ ಸಂಜೆ ಅವಳು ಬಂದು ಗೋಡೆಗೆ ಒರಗಿದಾಗ ಅತ್ತೆ ತನ್ನ ಹಾಸಿಗೆಯನ್ನೇ ಸುರುಳಿ ಸುತ್ತಿ ಅವಳ ಕಾಲ ಕೆಳಗೆ ತುರುಕಿದಳು. ಮುಖ ಆ ಕಡೆ ತಿರುಗಿಸಿಕೊಂಡೇ ತುರುಕಿದಳು.

ಆಸ್ಪತ್ರೆಯ ನರ್ಸ್ ಚಕ್ರದ ಕುರ್ಚಿಯಲ್ಲಿ ಕೂತು ಮೇಜಿನಿಂದ ಮೇಜಿಗೆ ಜಾರುತ್ತಿದ್ದಳು. ಎದ್ದು ಹೋಗುವ ಕೆಲಸಕ್ಕೂ ಕೂತೇ ಹೋಗುತ್ತಿದ್ದಳು. ಅಳತೆ ಆ ಚಕ್ರಗಳನ್ನೇ ನೋಡುತ್ತಿದ್ದಳು.

"ಮಲಗುವಾಗ ಕಾಲು ಎತ್ತರದಲ್ಲಿಡು. ಎಡಮಗ್ಗುಲಾಗು. ಬಿಗಿ ಏನೂ ಕಟ್ಟಬೇಡ. ನೀರು ಎಷ್ಟು ಕುಡಿತೀಯ?"

"ಬಿಟ್ಟಿದೀನಿ. ಕುಡಿದ್ರೆ ಇನ್ನೂ ಊದುತ್ತೆ ಅಂತ. ಅಲ್ದೆ ಅಲ್ಲಿ ಪದೇ ಪದೇ ಹೊರಗೆ ಹೋಗೋಕೆ ಬಿಡಲ್ಲ."

"ನೀರು ಬಿಟ್ರೆ ಊತ ಇಳಿಯಲ್ಲ, ನೀನು ಇಳಿದು ಹೋಗ್ತೀಯ. ಕುಡಿ. ಮುಖ, ಕೈ ಊದಿದ್ರೆ, ತಲೆ ಸಿಡಿದ್ರೆ, ಕಣ್ಣು ಮಂಜಾದ್ರೆ ಆ ಕ್ಷಣ ಇಲ್ಲಿಗೆ ಬಾ. ಕೆಲಸ ನಿಂತು ಮಾಡೋದಾ?"

"ಹೌದು."

"ತುಂಬ ಹೊತ್ತು ನಿಲ್ಲಬೇಡ."

"ಹೇಗೆ?"

ನರ್ಸ್ ಅವಳ ಮುಖ ನೋಡಿದಳು. ಕುರ್ಚಿಯನ್ನು ಇನ್ನೊಂದು ಮೇಜಿಗೆ ಜಾರಿಸಿದಳು. "ಮುಂದಿನವರು ಬನ್ನಿ" ಎಂದಳು.

ಅದೇ ದಿನಗಳಲ್ಲಿ ಮೇಸ್ತ್ರಿಯ ಬೆಂಚಿಗೆ ಒಂದು ಕಾಗದ ಬಂತು. ಯಜಮಾನರ ಸೊಸೆಯೂ ಬಸುರಿ. ಅವಳ ಕಾಲೂ ಊದಿದೆ. ಮನೆಯಲ್ಲಿ ಹಾಕಿಕೊಂಡು ಓಡಾಡಲು ಅವಳಿಗೆ ಮೆತ್ತನೆಯದೊಂದು ಜೋಡಿ ಬೇಕು. ಇಲ್ಲಿಯವರೆಗೆ ಬಂದು ತೊಟ್ಟು ನೋಡಲು ಅವಳಿಗೆ ಆಯಾಸ. ಹಾಗಾಗಿ ಗಂಡನೇ ಅವಳ ಎರಡೂ ಪಾದ ಕಾಗದದ ಮೇಲಿಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿದ್ದ.

ಸೂಪರ್‌ವೈಸರ್ ಆ ಕಾಗದ ಹಿಡಿದು ಬೆಂಚಿನಿಂದ ಬೆಂಚಿಗೆ ಹೆಂಗಸರ ಕಾಲು ನೋಡುತ್ತ ಬಂದ. ಅಳತೆಯ ಕಾಲ ಬಳಿ ನಿಂತ.

"ನೋಡಿದ್ಯಾ? ಕೆಟ್ಟ ಕಾಲಿಗೂ ಒಂದು ಕೆಲಸ ಬಂತು. ನಡಿ, ಕುರ್ಚಿ ಹತ್ತಿರ."

ಕುರ್ಚಿ. ಹೊಸಕಾಲು ಎದ್ದು ಜಾಗ ಬಿಟ್ಟಳು. ಅಳತೆ ಗಂಡನ ಚಪ್ಪಲಿ ಕಳಚಿ ಕುರ್ಚಿಯ ಕೆಳಗಿಟ್ಟು ಕೂರಲು ಹೋದಳು.

"ಏಯ್, ಕೂರಬೇಡ. ಮೊದಲು ಕಾಗದದ ಮೇಲೆ ನಿಲ್ಲು."

ನಿಂತಳು. ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ನೋಡಿದ. ಅವಳ ಪಾದಕ್ಕೂ ಪೆನ್ಸಿಲ್ ಗೆರೆಗೂ ನಡುವೆ ಸುತ್ತಲೂ ಬಿಳಿ ಕಾಗದ ಇಣುಕುತ್ತಿತ್ತು.

ಅವಳೂ ಬಗ್ಗಿ ನೋಡಿದಳು. ಗೆರೆ ಹಿಮ್ಮಡಿಯಿಂದ ಹೊರಟು ನೆಟ್ಟಗೆ ಬಂದಿತ್ತು. ಅಂಗಾಲಿನ ಕಮಾನಿನ ಹತ್ತಿರ ಮಾತ್ರ ಅಲ್ಲಾಡಿ, ವಂಕಿಯಾಗಿ, ಹೊರಗೆ ಹಾರಿ, ಮತ್ತೆ ಒಳಗೆ ಬಂದಿತ್ತು. ಪೆನ್ಸಿಲ್ ತಾಗಿ ಅಲ್ಲಿ ಕಚಗುಳಿಯಾಗಿದೆ. ಆ ಸೊಸೆ ನಕ್ಕಿದ್ದಾಳೆ. ಕಾಲು ಎಳೆದುಕೊಂಡಿದ್ದಾಳೆ. ಗಂಡ ಹಿಡಿದುಕೊಂಡು "ಅಲ್ಲಾಡ್ಬೇಡ" ಅಂದಿದ್ದಾನೆ. ಅವನೂ ನಕ್ಕಿದ್ದಾನೆ. ಅದೆಲ್ಲ ಆ ವಂಕಿಯಲ್ಲಿತ್ತು.

ಅಳತೆಯ ಮೈಯೆಲ್ಲ ಹೊತ್ತಿಕೊಂಡಿತು. ಯಜಮಾನರ ಮನೆಯ ಮೇಲೆ ಅವಳಿಗೆ ಎಂದೂ ಆಸೆ ಹುಟ್ಟಿರಲಿಲ್ಲ. ಕಾರಿನ ಮೇಲೆ ಹುಟ್ಟಿರಲಿಲ್ಲ. ಈ ವಂಕಿಯ ಮೇಲೆ ಹುಟ್ಟಿತು.

"ಸಾಲದು" ಎಂದ ಸೂಪರ್‌ವೈಸರ್. "ಅವರ ಕಾಲು ಸಂಜೆ ಹೊತ್ತಿಗೆ ಊದುತ್ತಂತೆ. ಆಗ ಬರೆದಿರೋ ಗೆರೆ ಇದು. ಇವಳು ಇನ್ನೂ ಊದಬೇಕು."

"ಬೆಳಿಗ್ಗೆ ತಾನೇ ಸಾರ್" ಎಂದ ಮೇಸ್ತ್ರಿ. "ಅಚ್ಚಿಗೆ ಬಟ್ಟೆ ಸುತ್ತಿ ಮಾಡಬಹುದು."

"ಬಟ್ಟೆಗೆ ನೋವಾಗುತ್ತಾ? ಯಾವ ಪಟ್ಟಿ ಎಲ್ಲಿ ಕಚ್ಚುತ್ತೆ ಅಂತ ಯಾರು ಹೇಳ್ತಾರೆ? ನಿಲ್ಲಿಸಿ ಇವಳನ್ನ. ಸಂಜೆಯವರೆಗೂ ಯಾರೂ ಕೂರಿಸಬಾರದು. ಗೆರೆ ಮುಟ್ಟಬೇಕು."

ಹಾಗೆ ಅವಳನ್ನು ಊದಲು ನಿಲ್ಲಿಸಿದರು.

ಖಾಲಿ ಕುರ್ಚಿ ಪಕ್ಕದಲ್ಲೇ ಇತ್ತು. ಕೈಯಿಟ್ಟರೆ ಮುಟ್ಟುವಷ್ಟು ಹತ್ತಿರ. ಅದರ ಹಿಡಿಯ ಮೇಲೆ ಅವಳ ಮೊಣಕೈ ಸವೆಸಿದ ಜಾಗ ಇನ್ನೂ ನುಣುಪಾಗಿ ಹೊಳೆಯುತ್ತಿತ್ತು. ತಗಡಿನ ಮಾಡು ಕಾಯತೊಡಗಿತು. ಊಟವನ್ನೂ ನಿಂತೇ ತಿಂದಳು. ಮಧ್ಯಾಹ್ನದ ಹೊತ್ತಿಗೆ ಚರ್ಮ ಬಿಗಿದು ಹೊಳಪು ಬಂತು. ಬೆರಳುಗಳ ನಡುವಿನ ಸಂದು ಮುಚ್ಚಿತು. ಮಗು ಒಳಗಿನಿಂದ ಒದೆಯಿತು. ಅದಾದರೂ ಕಾಲು ಚಾಚುತ್ತಿದೆಯಲ್ಲ ಎಂದುಕೊಂಡಳು. ಅದರ ಮೇಲೂ ಒಂದು ಕ್ಷಣ ಅಸೂಯೆಯಾಯಿತು.

"ಏನು ಬೆಳೆ ಬೆಳೆಸ್ತಿದಾರೋ ಮಾರಾಯ್ತಿ" ಎಂದು ಅಂಟಜ್ಜಿ ಬೆಂಚಿನಿಂದಲೇ ಕೂಗಿದಳು. "ನೀರಾದ್ರೂ ಹಾಕ್ತೀನಿ ತಡಿ." ಒಂದು ಲೋಟ ತಂದು ಕುಡಿಸಿ ಹೋದಳು.

ಸಂಜೆ ಮತ್ತೆ ಕಾಗದದ ಮೇಲೆ ನಿಲ್ಲಿಸಿದರು. ಬಿಳಿ ಕಾಣಲಿಲ್ಲ. ಗೆರೆ ತುಂಬಿತ್ತು. ಸೂಪರ್‌ವೈಸರ್ ತೃಪ್ತಿಯಿಂದ ತಲೆಯಾಡಿಸಿದ.

ಮೇಸ್ತ್ರಿ ಜೋಡಿ ತಂದು ತೊಡಿಸಿದ. ಕರುವಿನ ಎಳೆ ತೊಗಲು. ಒಳಗೆ ಉಣ್ಣೆಯ ಹಾಸು. ಅಟ್ಟೆ ರೊಟ್ಟಿಹಿಟ್ಟಿನಷ್ಟು ಮೆದು. ಬಕಲ್ ಇರಲಿಲ್ಲ. ಸೊಸೆಗೆ ಬಗ್ಗಲಾಗುವುದಿಲ್ಲವೆಂದು ಪಾದದ ಮೇಲೆ ಅಗಲವಾದ ಹಿಗ್ಗುವ ಪಟ್ಟಿ. ಅವಳ ಕಾಲು ಅದರೊಳಗೆ ಹೋದದ್ದೇ ಬಾಯಿಂದ "ಆಹ್" ಎಂದು ಬಂತು. ತಡೆಯಲಾಗಲಿಲ್ಲ. ಅಷ್ಟು ತಿಂಗಳಲ್ಲಿ ಅವಳನ್ನು ಹಿಡಿದುಕೊಂಡ ಮೊದಲ ವಸ್ತು ಅದು.

"ಕಚ್ಚುತ್ತಾ?"

"ಇಲ್ಲ."

"ಜಾರುತ್ತಾ?"

"ಇಲ್ಲ."

"ನಡಿ. ಇನ್ನೂ ಸ್ವಲ್ಪ ಹೊತ್ತು ನಡೆದು ತೋರ್ಸು."

ನಡೆದಳು. ಕತ್ತಲಾಗುವ ಮುಂಚೆ ಕಾರು ಬಂತು. ಡ್ರೈವರ್ ಬಾಗಿಲಲ್ಲಿ ನಿಂತ. "ಅಮ್ಮಾವ್ರು ಕಾಯ್ತಿದಾರೆ. ಬೇಗ ಕೊಡಿ."

"ಕಳಚು" ಎಂದ ಸೂಪರ್‌ವೈಸರ್.

ಅವಳು ಕಾಲು ಎಳೆದಳು. ಬರಲಿಲ್ಲ. ಗೆರೆಯನ್ನೂ ದಾಟಿ ಊದಿದ್ದ ಕಾಲು ಪಟ್ಟಿಯೊಳಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಸೂಪರ್‌ವೈಸರ್ ತಾನೇ ಮಂಡಿಯೂರಿದ. ಎರಡೂ ಕೈಯಿಂದ ಹಿಡಿದು ಜಗ್ಗಿದ. ಅವಳು ಕುರ್ಚಿಯ ಹಿಡಿಗೆ ಕೈಯಾನಿಸಿಕೊಂಡಳು.

"ಮೆಲ್ಲಗೆ ಸಾರ್" ಎಂದ ಮೇಸ್ತ್ರಿ. "ಹೊಲಿಗೆ ಬಿಡುತ್ತೆ. ಇಂಥ ತೊಗಲು ಇನ್ನೊಂದಿಲ್ಲ."

"ಮತ್ತೇನು ಮಾಡೋದು?"

ಈ ಸಲ ಮೇಸ್ತ್ರಿ ಕತ್ತರಿಯ ಅಲಗು ಒರೆಸಲಿಲ್ಲ. ಅವನ ಮುಖ ನೋಡಿ ಹೇಳಿದ. "ಊತ ಇಳಿಯಬೇಕು. ಕೂರಿಸಿ. ಕಾಲು ಮೇಲಿಡಿಸಿ."

ಸೂಪರ್‌ವೈಸರ್ ಮಂಡಿಯ ಮೇಲೆಯೇ ಇದ್ದ. ಸುತ್ತ ನೋಡಿದ. ಬೆಂಚುಗಳಲ್ಲಿ ಸುತ್ತಿಗೆಯ ಸದ್ದು ನಿಂತಿತ್ತು.

"ಕೂರು" ಎಂದ.

ಅವಳು ಕೂತಳು. ಹೊಸಕಾಲು ಓಡಿ ಬಂದು ಕಾಲ್ಮಣೆ ಸರಿಸಿದಳು.

"ಇದು ಸಾಲದು" ಎಂದಳು ಅಳತೆ. "ನರ್ಸ್ ಹೇಳಿದಾಳೆ. ಇನ್ನೂ ಎತ್ತರ ಬೇಕು."

ಸೂಪರ್‌ವೈಸರ್ ಪೆಟ್ಟಿಗೆಗಳನ್ನು ಹೊತ್ತು ತಂದ. ಅಂಗಡಿಗಳಿಂದ ವಾಪಸು ಬಂದಿದ್ದ ಆ ದೊಗಲೆ ಜೋಡಿಗಳ ಪೆಟ್ಟಿಗೆಗಳು. ಒಂದರ ಮೇಲೊಂದು ಇಟ್ಟು, ಮೇಲೆ ಮೆತ್ತೆ ಹಾಕಿದ. ಅವಳು ಒರಗಿ ಕಾಲು ಅದರ ಮೇಲೆ ಚಾಚಿದಳು.

"ನೀರು" ಎಂದಳು.

ತಂದುಕೊಟ್ಟ.

"ಸೇವೆ ಜೋರಾಗಿದೆ" ಎಂದಳು ಅಂಟಜ್ಜಿ. ಯಾರೋ ಕಿಸಕ್ಕೆಂದರು.

ಬೇನೆ ನಿಧಾನವಾಗಿ ಮೇಲಿನಿಂದ ಕೆಳಗೆ ಹರಿಯಿತು. ಕಾಲು ಜುಮುಜುಮು ಎಂದು ಅವಳ ಕೈವಶಕ್ಕೆ ಮರಳಿತು. ಡ್ರೈವರ್ ಮತ್ತೆ ಮತ್ತೆ ಬಂದು ಇಣುಕಿದ. "ಬಂತಾ?" ಎಂದು ಸೂಪರ್‌ವೈಸರ್ ಕೇಳುತ್ತಿದ್ದ. "ಇಲ್ಲ" ಎನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಆಮೇಲೆ ಪಟ್ಟಿ ಸಡಿಲವಾಯಿತು. ಹಿಮ್ಮಡಿಯ ಹಿಂದೆ ಗಾಳಿ ಆಡಿತು. ಕಾಲು ಸ್ವಲ್ಪ ಕೊಡವಿದರೆ ಸಾಕು, ಕಳಚಿ ಬೀಳುತ್ತಿತ್ತು. ಅವಳು ಬೆರಳುಗಳನ್ನು ಒಳಗೆ ಮಡಚಿ ಉಣ್ಣೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಂತಾ?"

ಇಲ್ಲ ಎನ್ನಬಹುದಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂರಬಹುದಿತ್ತು. ಇಲ್ಲಿಯವರೆಗೆ ಬರುವುದಿಲ್ಲ ಎಂದದ್ದು ಕಾಲು. ಅವಳಲ್ಲ.

"ಬಂತು" ಎಂದಳು.

"ಕೊಡು ಹಾಗಾದ್ರೆ."

"ಕೊಡಲ್ಲ."

ಅವನಿಗೆ ಕೇಳಿಸಿತು. ಕೇಳಿಸದವನ ಹಾಗೆ ಕೈ ಚಾಚಿದ. ಅವಳು ಕಾಲು ಒಳಗೆಳೆದುಕೊಂಡಳು.

"ತಲೆಗಿಲೆ ಕೆಟ್ಟಿದೆಯಾ? ನಾಳೆಯಿಂದ ಕೆಲಸ ಇರಲ್ಲ."

"ನಾಳೆದು ನಾಳೆ. ಇವತ್ತು ಚಪ್ಪಲಿ ನನ್ನ ಕಾಲಲ್ಲಿದೆ."

"ಅದು ನಿಂದಲ್ಲ."

"ಊತ ನಂದು. ಬೆಳಿಗ್ಗೆಯಿಂದ ನಿಲ್ಲಿಸಿ ಬರಿಸಿದ್ದು ನೀವು. ಅದರ ಅಳತೆಗೆ ಆಗಿರೋದು ಇದು."

"ಅಯ್ಯೋ, ಏನು ಬೇಕು ನಿಂಗೆ? ಅದನ್ನಾದ್ರೂ ಹೇಳು" ಎಂದ. ಅವನ ದನಿ ಒಡೆದಿತ್ತು. ಡ್ರೈವರ್ ಹೊರಗೆ ಫೋನಿನಲ್ಲಿ ಯಾರಿಗೋ ಸಮಾಧಾನ ಹೇಳುತ್ತಿದ್ದ.

ಏನು ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ನರ್ಸ್ ಕೂಡ ಬೇಡದ್ದನ್ನಷ್ಟೇ ಹೇಳಿದ್ದಳು. ಅವಳು ಯೋಚಿಸಿದಳು. ಈ ಚಪ್ಪಲಿ ಬೇಕಿತ್ತು. ಹೊಸಕಾಲಿನ ಹರಡಿನ ಮೂಳೆ ಬೇಕಿತ್ತು. ಬೆಂಚಿನ ಮೇಲೆ ಬಿದ್ದಿದ್ದ ಆ ಕಾಗದ, ಅದರಲ್ಲಿದ್ದ ವಂಕಿ, ಪೆನ್ಸಿಲ್ ಹಿಡಿದ ಕೈ, ಅಲ್ಲಾಡ್ಬೇಡ ಎನ್ನುವ ದನಿ. ಬೇಕಾದದ್ದೆಲ್ಲ ಒಂದೊಂದಾಗಿ ಎದುರಿಗೆ ಬಂದು ನಿಂತಿತು. ಅದರಲ್ಲಿ ಈ ಮನುಷ್ಯನ ಕೈಯಲ್ಲಿ ಕೊಡಲು ಸಾಧ್ಯವಿದ್ದದ್ದು ಯಾವುದೂ ಇರಲಿಲ್ಲ. ಅವನ ಸೊಂಟಕ್ಕೆ ನೇತಾಡುತ್ತಿದ್ದ ಬೀಗದ ಕೈ ಗೊಂಚಲು ಕಂಡಿತು.

"ಸ್ಟೂಲು" ಎಂದಳು.

"ಏನು?"

"ಉಗ್ರಾಣದಲ್ಲಿ ಹಾಕಿದೀರಲ್ಲ, ಆ ಸ್ಟೂಲುಗಳು. ಹೊರಗೆ ತನ್ನಿ."

"ಒಂದು ತಾನೇ? ತರಿಸ್ತೀನಿ. ಕಳಚು."

"ಒಂದಲ್ಲ. ಎಲ್ಲಾ. ಎಲ್ಲಾ ಬೆಂಚಿಗೂ."

ಅಂಟಜ್ಜಿ ಕೈಯಲ್ಲಿದ್ದ ಬ್ರಷ್ಷನ್ನು ಅಂಟಿನ ಡಬ್ಬಿಗೆ ಅದ್ದಿ ಹಾಗೇ ಬಿಟ್ಟಳು. ಕೈ ಒರೆಸಿಕೊಂಡು ಉಗ್ರಾಣದ ಬಾಗಿಲ ಕಡೆಗೆ ನಡೆದು, ಬೀಗದ ಪಕ್ಕ ನಿಂತುಕೊಂಡಳು. ಹೊಸಕಾಲು ಬಗ್ಗಿ, ಕುರ್ಚಿಯ ಕೆಳಗಿದ್ದ ಗಂಡಸಿನ ಹಳೆಯ ಚಪ್ಪಲಿಯನ್ನು ಎತ್ತಿ ಎದೆಗೆ ಅವಚಿಕೊಂಡು ನಿಂತಳು, ಯಾರೂ ತುಳಿಯದ ಹಾಗೆ.

ಹೊರಗೆ ಕಾರು ಹಾರನ್ ಹಾಕಿತು. ಮತ್ತೆ ಹಾಕಿತು.

ಅವಳು ಕಾಲು ಇಳಿಸಲಿಲ್ಲ.